ಕ್ಯೂನಲ್ಲಿ ಉಳಿದ ಹದಿನೇಳನೆಯದು

ಬೆಳಿಗ್ಗೆ ಹನ್ನೊಂದೂವರೆಗೆ ಅವಳ ಎದೆ ಧಸಕ್ಕೆಂದಿತು. ಆರು ತಿಂಗಳಿಂದ ಗುಟ್ಟಾಗಿ ಬರೆದಿಟ್ಟಿದ್ದ ಮಾತುಗಳು ಸ್ಕ್ರೀನ್ ಮೇಲೆ ಒಂದೊಂದಾಗಿ ಹೊರಟಿದ್ದವು, ಅದೂ ಯಾರಪ್ಪ ಬಂದರೂ ಅಳಿಸಲಾಗದ ಜಾಗಕ್ಕೆ.

ಅವನ್ನು ಕಳಿಸುತ್ತಿದ್ದ ಸಾಫ್ಟ್‌ವೇರ್ ಸರ್ವಿಸ್ ಅವಳೇ ಕಟ್ಟಿದ್ದು. ನರ್ಸ್‌ಗಳ ಸರ್ಟಿಫಿಕೇಟನ್ನು ಯಾರೂ ತಿದ್ದಲಾಗದಂತೆ ಬ್ಲಾಕ್‌ಚೈನ್‌ಗೆ ಸೇರಿಸುವುದು ಅದರ ಕೆಲಸ. ನೆಟ್‌ವರ್ಕ್ ಮಹಾ ನಿಧಾನ. ಅದರ ಉತ್ತರಕ್ಕೆ ಬಾಯಿಬಿಟ್ಟುಕೊಂಡು ಕೂರುವಂತಿಲ್ಲ. ಒಂದನ್ನು ಕಳಿಸಿ, ಉತ್ತರ ಬರುವಷ್ಟರಲ್ಲಿ ಇನ್ನೊಂದಕ್ಕೆ ಕೈಹಾಕಬೇಕು. ಹೋಗದೆ ಉಳಿದದ್ದು ಕ್ಯೂನಲ್ಲಿ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಇದನ್ನೆಲ್ಲ ಹೇಳಿಕೊಟ್ಟವನು ಎದುರು ಟೇಬಲ್ಲಿನವನು. ಬೋರ್ಡು ಕಂಡರೆ ಸಾಕು, ಪೆನ್ನು ಹಿಡಿದು ಪಾಠ ಶುರುಮಾಡುವ ಅವನಿಗೆ ಆಫೀಸಿನಲ್ಲಿ ಮೇಷ್ಟ್ರು ಎಂದೇ ಹೆಸರು. ಹಾಸಿಗೆ ಹಿಡಿದ ಅಮ್ಮನನ್ನು ನಾಲ್ಕು ವರ್ಷ ನೋಡಿಕೊಂಡು, ಅಮ್ಮ ಚೇತರಿಸಿಕೊಂಡ ಮೇಲೆ ಕೆಲಸಕ್ಕೆ ಮರಳಿದವಳಿಗೆ ಮೊದಲ ದಿನ ಕೈಕಾಲೇ ಆಡಿರಲಿಲ್ಲ.

"ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆ ಯಾಕ್ರೀ? ನನಗೂ ಅರ್ಧ ಗೊತ್ತಿಲ್ಲ. ಗಡ್ಡ ಇದೆ ಅಂತ ಯಾರೂ ಕೇಳಲ್ಲ, ಅಷ್ಟೇ" ಎಂದಿದ್ದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಕಿರಿದಾಗುತ್ತಿತ್ತು. ಅದನ್ನು ಅವಳು ಆ ದಿನವೇ ಗಮನಿಸಿಬಿಟ್ಟಳು, ಎಡವಟ್ಟಾದದ್ದೇ ಅಲ್ಲಿ.

ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲು ಸಂಕೋಚ. ಪರೀಕ್ಷೆಗೆಂದೇ ಇದ್ದ ನೆಟ್‌ವರ್ಕಿಗೆ ಸುಳ್ಳು ದಾಖಲೆ ಕಳಿಸುವಾಗ ಉಳಿದವರು ಷರಾ ಜಾಗದಲ್ಲಿ ಒಂದು, ಎರಡು ಎಂದು ತುಂಬುತ್ತಿದ್ದರು. ಅವಳು ಮಾತ್ರ, ಹೇಗೂ ವಾರಕ್ಕೊಮ್ಮೆ ಅಳಿಸಿಹೋಗುತ್ತದೆ ಎಂಬ ಧೈರ್ಯದಲ್ಲಿ, ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತಿದ್ದಳು. "ಮೇಷ್ಟ್ರೇ, ಒಂದೇ ಪ್ರಶ್ನೆ ಮೂರು ಸಲ ಕೇಳಿದ್ರೂ ಮುಖ ಗಂಟು ಹಾಕ್ಲಿಲ್ಲ, ಥ್ಯಾಂಕ್ಸ್." "ಅಮ್ಮ ಇವತ್ತು ಮೆಟ್ಟಿಲು ಹತ್ತಿದ್ರು. ಮೊದಲು ನಿಮಗೇ ಹೇಳಬೇಕು ಅನ್ನಿಸ್ತು."

ಈವತ್ತು ಸರ್ವಿಸನ್ನು ನಿಜವಾದ ನೆಟ್‌ವರ್ಕಿಗೆ ಜೋಡಿಸಿದಳು. ಕ್ಯೂ ಖಾಲಿ ಮಾಡುವುದನ್ನು ಮರೆತಳು. ಪರೀಕ್ಷೆಯ ನೆಟ್‌ವರ್ಕಿಗೆ ಹೋಗದೆ ಕ್ಯೂನಲ್ಲೇ ಉಳಿದಿದ್ದ ಅವಳ ಹದಿನೇಳು ದಾಖಲೆಗಳು ದಾರಿ ಸಿಕ್ಕಿದ್ದೇ ತಡ ಹೊರಟವು. ಅವಳು ಗಡಿಬಿಡಿಯಲ್ಲಿ ನಿಲ್ಲಿಸುವಷ್ಟರಲ್ಲಿ ಹದಿನಾರು ತಲುಪಿಯಾಗಿತ್ತು.

ಉಳಿದವರೆಲ್ಲ ಮೀಟಿಂಗಿಗೆ ಹೋಗಿದ್ದರು. ಎದುರು ಟೇಬಲ್ಲಿನಿಂದ ಅವನು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು, ಒಂದೊಂದನ್ನೇ ಓದಿದ. ಅವಳ ಕಿವಿ ಕಾದು ಕೆಂಪಾಯಿತು.

"ಸರ್ಟಿಫಿಕೇಟ್‌ಗಳಿಗೆ ಏನೂ ಆಗಿಲ್ಲ. ಇವೆಲ್ಲ ಸುಳ್ಳು ನಂಬರಿನವು, ರದ್ದು ಅಂತ ಗುರುತು ಹಾಕಿದ್ರೆ ಸಾಕು. ಅಕ್ಷರ ಮಾತ್ರ ಹಾಗೇ ಇರುತ್ತೆ."

"ನೀವು ಓದಿದ್ರಾ?"

"ಹದಿನಾರೂ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

"ನಾನು ಇಷ್ಟೆಲ್ಲ ಮಾಡಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ." ಅವನು ನಗಲಿಲ್ಲ. "ಎರಡು ತಿಂಗಳಿಂದ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ಒದ್ದಾಡ್ತಿದ್ದೆ. ಇದನ್ನ ಓದಿ ಹೆದರಿಕೆ ಆಯ್ತು. ಈಗ ಕೇಳಿದ್ರೆ, ಉಪಕಾರ ಮಾಡಿದಾನೆ ಪಾಪ ಅಂತ ಹೂಂ ಅಂದುಬಿಡ್ತೀರಿ. ಅಂಥ ಹೂಂ ನನಗೆ ಬೇಡ."

ಆಮೇಲೆ ಕ್ಯೂನಲ್ಲಿ ಉಳಿದಿದ್ದ ಹದಿನೇಳನೆಯದರ ಕಡೆ ಬೆರಳು ತೋರಿಸಿದ. "ಇದನ್ನ ತೆರೆದಿಲ್ಲ. ಕಳಿಸೋದೋ, ಅಳಿಸೋದೋ, ನಿಮ್ಮಿಷ್ಟ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ.

ಅದರಲ್ಲಿದ್ದದ್ದು ಮೂರೇ ಪದ: ಇದು ಥ್ಯಾಂಕ್ಸ್ ಅಲ್ಲ. ಒಮ್ಮೆ ಒತ್ತಿದರೆ ಮುಗಿಯಿತು, ಅವಳು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಆದರೆ ಯಾರೋ ಕಷ್ಟಪಟ್ಟು ಓದಿ ಗಳಿಸಿದ ಸರ್ಟಿಫಿಕೇಟುಗಳ ನಡುವೆ ತನ್ನ ಪ್ರೇಮಪತ್ರವೇ? ಅಳಿಸಿಬಿಟ್ಟಳು.

ಕೀಬೋರ್ಡಿನ ಸದ್ದು ಅವನಿಗೂ ಕೇಳಿಸಿತು. ಸ್ಕ್ರೀನ್ ನೋಡಿ, "ಸರಿ" ಎಂದು ಎದ್ದ. ದನಿ ಕುಗ್ಗಿತ್ತು.

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ." ಅವಳು ಅವನ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. "ಅಮ್ಮನ್ನ ಉಳಿಸಿದ ಡಾಕ್ಟರ್ ಕಂಡ್ರೆ ಈಗಲೂ ಕೈ ಮುಗೀತೀನಿ. ಆದ್ರೆ ಅವರು ರಜೆ ಹಾಕಿದ್ರು ಅಂತ ನನಗೆ ಊಟ ಸೇರದೆ ಹೋಗಿಲ್ಲ. ಉಪಕಾರ ಮಾಡಿದವರ ಜೊತೆ ಜಗಳ ಆಡೋಕಾಗಲ್ಲ ಮೇಷ್ಟ್ರೇ. ನಿಮ್ಮ ಜೊತೆ ಮುದುಕಿ ಆಗೋವರೆಗೂ ಜಗಳ ಆಡಬೇಕು ಅನ್ಸುತ್ತೆ. ಥ್ಯಾಂಕ್ಸೂ ಇದೆ, ಪ್ರೀತೀನೂ ಇದೆ. ಯಾವುದು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು."

ಅವನು ಧೊಪ್ಪನೆ ಕೂತ.

"ಹಾಗಾದ್ರೆ ಜಗಳ ಶುರು ಮಾಡೋಣ. ಕ್ಯೂ ಖಾಲಿ ಮಾಡದೆ ಜೋಡಿಸಿದ್ದು ಯಾರು?"

"ಖಾಲಿ ಇದೆಯಾ ಅಂತ ನೋಡದೆ, ಎಲ್ಲ ಸರಿ ಇದೆ ಅಂತ ಒಪ್ಪಿಗೆ ಕೊಟ್ಟಿದ್ದು ಯಾರು?"

"ನಾನೇ" ಎಂದ, ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡು. "ಜನ್ಮದಲ್ಲಿ ನಾನು ಮಾಡಿದ ಒಳ್ಳೇ ತಪ್ಪು ಅದೊಂದೇ."