ಎಲೆ ಬಡಿಸಿದ ಮೇಜು

ಕಂಪ್ಯೂಟರಿನ ಹೊಟ್ಟೆಯಲ್ಲಿ ಸತ್ತ ಹಲ್ಲಿ, ಜಿರಳೆ, ಇಲಿಮರಿ ಎಲ್ಲವನ್ನೂ ಕಂಡವನು ನಾನು. ಹೊಸಂಗಡಿಯಲ್ಲಿ ರಿಪೇರಿ ಅಂಗಡಿ ಇಟ್ಟವನು ಹೇಸಿದರೆ ನಡೆಯುವುದಿಲ್ಲ. ಆದರೆ ಕಳೆದ ಆಟಿಯಲ್ಲಿ, ಸತ್ತವರಿಗೆ ಎಲೆ ಬಡಿಸುವ ಆ ಮಳೆಗಾಲದ ತಿಂಗಳಲ್ಲಿ, ವರ್ಕಾಡಿಯ ರಾಜೀವಕ್ಕನ ಮನೆಗೆ ಹೋಗಿಬಂದ ಮೇಲೆ, ಅನ್ನ ಕಲಸುವಾಗ ಈಗಲೂ ಕೈ ನಿಲ್ಲುತ್ತದೆ.

ಅಪ್‌ಡೇಟ್ ಆದಂದಿನಿಂದ ಅವರ ಕಂಪ್ಯೂಟರು ನಡುನಡುವೆ ತಾನಾಗಿ ಆಫ್ ಆಗುತ್ತಿತ್ತು. ಅಪ್‌ಡೇಟ್ ತೆಗೆದೆ, ಆಗಲೂ ಆಫಾಯಿತು. ಸ್ಕ್ರೂ ಬಿಚ್ಚಿದರೆ ಒಳಗಿನ ಫ್ಯಾನಿಗೆ ಅಗಿದ ಅನ್ನ ಮೆತ್ತಿತ್ತು. ಕೋಳಿಯ ನಾರು, ಎಂಜಲಿನ ನೊರೆ. ಬೆರಳಿಗೆ ಬೆಚ್ಚಗೆ ತಾಗಿತು.

ರಾಜೀವಕ್ಕ ಗೋಡೆಯಲ್ಲಿದ್ದ ತೀರಿಹೋದ ಗಂಡನ ಫೋಟೋ ನೋಡಿದರು. “ಅಪ್‌ಡೇಟ್ ಓಡ್ತಿದ್ದ ದಿನವೇ ಅವರಿಗೆ ಎಲೆ ಬಡಿಸಿದ್ದು, ಈ ಮೇಜಿನಲ್ಲೇ. ಬೇರೆ ಜಾಗ ಇರ್ಲಿಲ್ಲ. ಅವರು ಬಂದು ಉಣ್ಲಿ ಅಂತ ಬಾಗಿಲು ಹಾಕಿ ಹೊರಗೆ ಕೂತೆವು. ಮತ್ತೆ ತೆಗೆದು ನೋಡುವಾಗ ಎಲೆ ಖಾಲಿ. ನನಗೆ ಖುಷಿಯೇ ಆಯ್ತು. ಗಂಟಲಲ್ಲಿ ಗಡ್ಡೆ ಆದ ಮೇಲೆ ಅವರಿಗೆ ಎಂತದೂ ಇಳೀತಿರ್ಲಿಲ್ಲ. ರುಚಿಗೆ ಅಂತ ಅಗಿದು ಉಗುಳ್ತಿದ್ರು.”

ಬ್ರಶ್ಶಿನಿಂದ ಕೆರೆದು, ಒರೆಸಿ, ಮುಚ್ಚಿ ಆನ್ ಮಾಡಿದೆ. ಚಾ ಕುಡಿಯುವಷ್ಟರಲ್ಲಿ ಫ್ಯಾನಿನ ಸದ್ದು ಬದಲಾಯಿತು, ಯಾರೋ ಬಾಯಿ ಚಪ್ಪರಿಸಿ ತಿಂದ ಹಾಗೆ. ಕಂಪ್ಯೂಟರು ನಿಂತಿತು.

ಮತ್ತೆ ಬಿಚ್ಚಿದೆ. ಈ ಸಲ ಅನ್ನವಲ್ಲ. ಅಗಿದ ಚಪಾತಿ, ಹೆಸರುಕಾಳಿನ ಪಲ್ಯ.

“ನಮ್ಮಲ್ಲಿ ಇವತ್ತು ಗಂಜಿ ಮಾತ್ರ ಉಂಟು,” ಎಂದರು ರಾಜೀವಕ್ಕ.

ಕಾಲ ಬಳಿಯಿದ್ದ ಚೀಲದಿಂದ ನನ್ನ ಬುತ್ತಿ ತೆಗೆದೆ. ಬೆಳಿಗ್ಗೆ ಹೆಂಡತಿ ಚಪಾತಿ, ಪಲ್ಯ ತುಂಬಿಸಿ ಹಾಕಿದ ಮುಚ್ಚಳ ಬಿಗಿಯಾಗಿಯೇ ಇತ್ತು. ಒಳಗೆ ಒಗ್ಗರಣೆಯ ಕರಿಬೇವು ಮಾತ್ರ ಉಳಿದಿತ್ತು, ಉಂಡವರು ಅಂಚಿಗೆ ಸರಿಸಿಟ್ಟ ಹಾಗೆ.