ಶನಿವಾರದ ರೈಲಿನ ನಿದ್ದೆ

"ಲೇ ಮಿತ್ರಾ, ನಿನ್ ಹರಿಪ್ರಸಾದ್ ಇಂಡಿಯಾಗ್ ಬಂದು ಹದಿನೈದು ದಿನ ಆಯ್ತು ಕಣೇ! ಅದೂ ಎಲ್ಲಿ ಗೊತ್ತಾ? ನಮ್ ಪಿಲ್ಲಗುಂಪೆ ಫ್ಯಾಕ್ಟರೀಲೇ ಕೆಲ್ಸಕ್ಕೆ ಸೇರ್ಕೊಂಡಿದಾನೆ! ಈಗ ಕ್ಯಾಂಟೀನಲ್ಲಿ ನನ್ ಪಕ್ಕದ ಟೇಬಲ್‌ನಲ್ಲೇ ಕೂತ್ಕೊಂಡು ಮುದ್ದೆ ಮುರೀತಿದಾನೆ!"

ಫೋನಿನ ಆ ಕಡೆ ಗೆಳತಿ ರಮ್ಯ ಉಸಿರೂ ತೆಗೆದುಕೊಳ್ಳದೆ ಹೇಳುತ್ತಿದ್ದಳು. ಈ ಕಡೆ ದೊಡ್ಡಬಳ್ಳಾಪುರದ ಮನೆಯ ಅಡುಗೆಮನೆಯಲ್ಲಿ ಸಂಘಮಿತ್ರಳ ಮಜ್ಜಿಗೆ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

"ನನ್ ಹರಿಪ್ರಸಾದಾ? ಅವನ್ಯಾವಾಗ ನನ್ನೋನಾದ? ಅವನೇ ಅಂತ ನಿಂಗ್ ಹೆಂಗ್ ಗೊತ್ತು?"

"ನಿನ್ ಯುರೋಪ್ ಫೋಟೋ ಮುನ್ನೂರು ಕಳ್ಸಿದೀಯ, ಎಲ್ಲದ್ರಲ್ಲೂ ಅದೇ ಮೂತಿ. ಗೊತ್ತಾಗಲ್ವಾ? ಇರ್ಲಿ, ನಿನ್ನೋನಲ್ಲ ಅಂದ್ರೆ ಇನ್ನೊಂದು ವಿಷ್ಯ ಆರಾಮಾಗಿ ಹೇಳ್ಬೋದು. ಭಾನುವಾರ ನೆಲಮಂಗಲಕ್ಕೆ ಹೆಣ್ಣು ನೋಡೋಕೆ ಹೋಗ್ತಿದಾನಂತೆ. ಮನೆಯೋರ ಮಾತುಕತೆ ಮುಗಿದಿದೆ. ಹುಡುಗ ಹೂಂ ಅಂದ್ರೆ ಅವತ್ತೇ ಹೂ ಮುಡಿಸ್ತಾರಂತೆ."

ಸಂಘಮಿತ್ರ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಮಿತ್ರಾ? ಇದೀಯೇನೇ? ಅವನ ಇಲ್ಲಿನ ನಂಬರ್ ಕಳಿಸ್ತೀನಿ. ಇವತ್ತು ಶುಕ್ರವಾರ. ಮಾಡೋದಿದ್ರೆ ಇವತ್ತೇ ಮಾಡು. ಸೋಮವಾರ ಬಂದು ನನ್ ಹೆಗಲ ಮೇಲೆ ಅಳ್ಬೇಡ, ನಂಗೆ ಆಡಿಟ್ ಇದೆ."

ನಂಬರ್ ಬಂತು. ಹತ್ತು ಅಂಕಿ. ಹದಿನೈದು ದಿನದಿಂದ ಅವನು ಒಂದೂವರೆ ಗಂಟೆಯ ದಾರಿಯಷ್ಟು ದೂರದಲ್ಲೇ ಇದ್ದ, ಒಂದು ಮೆಸೇಜೂ ಇಲ್ಲ. ಸಂಘಮಿತ್ರಳಿಗೆ ಮೊದಲು ಬಂದದ್ದು ಕೋಪ. ಅದರ ಹಿಂದೆಯೇ, ಕರೆಯದೆ, ಕೆಮ್ನಿಟ್ಸ್ ಬಂತು.

ಕೆಮ್ನಿಟ್ಸ್ ಅಂದರೆ ಜರ್ಮನಿಯ ಪೂರ್ವದ ಒಂದು ಊರು. ಅಲ್ಲಿನ ಯೂನಿವರ್ಸಿಟಿಗೆ ಅವಳು ಟೆಕ್ಸ್‌ಟೈಲ್ ಓದಲು ಹೋಗಿದ್ದಳು. ಎರಡನೇ ವಾರ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ಮೇಡಂ, ಸ್ವಲ್ಪ ಮೆಲ್ಲಗೆ. ಫೋನ್ ಕಟ್ ಮಾಡಿದ್ರೂ ಇಂಡಿಯಾಗೆ ಕೇಳಿಸ್ತದೆ."

ತಿರುಗಿ ನೋಡಿದರೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಮೂಗಿನವರೆಗೆ ಮಫ್ಲರ್. ಮಧ್ಯದಲ್ಲಿ ಎರಡು ಕಣ್ಣು ಮಾತ್ರ ನಗುತ್ತಿದ್ದವು.

"ಕನ್ನಡದೋರಾ? ಯಾವೂರು?"

"ಹೊಸಕೋಟೆ ಹತ್ರ, ಅನುಗೊಂಡನಹಳ್ಳಿ."

"ಅಯ್ಯೋ! ನಾನು ದೊಡ್ಡಬಳ್ಳಾಪುರ!" ಅವಳು ಎಷ್ಟು ಜೋರಾಗಿ ಕಿರುಚಿದಳೆಂದರೆ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ನಾಯಿಯನ್ನು ಎಳೆದುಕೊಂಡು ಆ ತುದಿಗೆ ಹೋದರು.

ಮೆಲ್ಲಗೆ ಮಾತಾಡುವುದು ಅವಳ ಮನೆತನದಲ್ಲೇ ಇರಲಿಲ್ಲ.

ಹರಿಪ್ರಸಾದನೂ ಅದೇ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. ಅವತ್ತಿನಿಂದ ಶನಿವಾರಗಳು ಶುರುವಾದವು. ಸ್ಟೂಡೆಂಟ್ ಟಿಕೆಟ್ ಒಂದಿದ್ದರೆ ಇಡೀ ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ತಮ್ಮವೇ. ಡ್ರೆಸ್ಡೆನ್, ಗಡಿಯಾಚೆಗೆ ಬೇರೆ ಟಿಕೆಟ್ ಕೊಂಡು ಪ್ರಾಗ್, ವಿಯೆನ್ನಾ. ಬೆಳಿಗ್ಗೆ ಅವನು ಸ್ಟೇಷನ್ನಿನಲ್ಲಿ ಎರಡು ಕಾಫಿ ಹಿಡಿದು ನಿಂತಿರುತ್ತಿದ್ದ. ಅವಳು ಡಬ್ಬಿಯಲ್ಲಿ ಚಿತ್ರಾನ್ನ ತರುತ್ತಿದ್ದಳು.

"ನಿಂಬೆಹಣ್ಣು ಜಾಸ್ತಿ ಆಯ್ತು," ಅಂದಿದ್ದ ಒಮ್ಮೆ, ವಿಯೆನ್ನಾದ ಅರಮನೆಯ ತೋಟದಲ್ಲಿ ಕೂತು.

"ಹಂಗಾದ್ರೆ ಬಿಡು."

"ಜಾಸ್ತಿ ಆಯ್ತು ಅಂದೆ. ಬಿಡ್ತೀನಿ ಅಂದ್ನಾ?"

ಪ್ರಾಗ್‌ನಲ್ಲಿ ಎಲ್ಲರೂ ಗೋಪುರದ ಗಡಿಯಾರ ನೋಡಲು ಕತ್ತೆತ್ತಿ ನಿಂತಿದ್ದರೆ, ಇವಳು ಪಕ್ಕದ ಅಂಗಡಿಯ ಟೇಬಲ್ ಕ್ಲಾತ್ ತಿರುಗಿಸಿ ನೋಡುತ್ತಿದ್ದಳು. "ನೋಡು, ಇಲ್ಲೊಂದು ಎಳೆ ಬಿಟ್ಟೋಗಿದೆ." ಅವನು ಬಟ್ಟೆ ನೋಡಲಿಲ್ಲ, ಅವಳ ಬೆರಳು ನೋಡಿದ. ಅದು ಅವಳಿಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಸುಮ್ಮನೆ ಇನ್ನೂ ಎರಡು ಬಟ್ಟೆ ತಿರುಗಿಸಿದಳು.

ಆದರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿದ್ದದ್ದು ಆ ಊರುಗಳಲ್ಲ, ನಿದ್ದೆ.

ದೊಡ್ಡಬಳ್ಳಾಪುರದ ಅವಳ ಮನೆಯಲ್ಲಿ ಎಂಟು ಪವರ್‌ಲೂಮ್ ಮಗ್ಗ. ಗೋಡೆಯ ಆ ಕಡೆ ಮಗ್ಗ, ಈ ಕಡೆ ಹಾಸಿಗೆ. ಹುಟ್ಟಿದಂದಿನಿಂದ ಆ ಕಟಕಟ ಸದ್ದೇ ಅವಳಿಗೆ ಜೋಗುಳ. ಕರೆಂಟ್ ಹೋಗಿ ಮಗ್ಗ ನಿಂತರೆ ಬೀದಿಯ ಕೂಸುಗಳೆಲ್ಲ ಎಚ್ಚೆತ್ತು ಅಳುತ್ತಿದ್ದವು. ಅಂಥ ಹುಡುಗಿಗೆ, ಭಾನುವಾರ ವಾಷಿಂಗ್ ಮೆಷಿನ್ ಹಾಕಿದರೂ ಪಕ್ಕದ ಮನೆಯವರು ಸದ್ದಾಯಿತೆಂದು ಚೀಟಿ ಅಂಟಿಸುವ ದೇಶ. ಹಾಸ್ಟೆಲ್ ರೂಮಿನಲ್ಲಿ ಕಿವಿಗೆ ಹತ್ತಿ ತುರುಕಿದಂಥ ಮೌನ. ವಾರವಿಡೀ ಅರೆನಿದ್ದೆ.

ಶನಿವಾರ ಮಾತ್ರ ಹಳೇ ಪ್ಯಾಸೆಂಜರ್ ರೈಲು ಕಟಕಟ ಅಂತ ಹೊರಟರೆ, ಹತ್ತು ನಿಮಿಷ ಸಾಕು. ತಲೆ ತಾನಾಗೇ ಅವನ ಹೆಗಲಿಗೆ ಜಾರುತ್ತಿತ್ತು. ಅದನ್ನು ಅವನಿಗೆ ಬಿಡಿಸಿ ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಮನೆಯಲ್ಲಿದ್ದಷ್ಟು ನೆಮ್ಮದಿಯಾಗಿ ಇದ್ದವಳು ಹೇಳುವುದಾದರೂ ಏನನ್ನು?

ಕಣ್ಣು ಬಿಟ್ಟಾಗಲೆಲ್ಲ ಅವನ ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು, ನೋಟ ಕಿಟಕಿಯ ಆಚೆ. ಸಾಲ್ಸ್‌ಬರ್ಗ್‌ನಿಂದ ವಾಪಸು ಬಂದ ಆ ಕೊನೆಯ ಸಲವೂ ಹಾಗೇ. ಮರುದಿನ ಅವಳು ಊರಿಗೆ ಹೊರಡಬೇಕಿತ್ತು. ಅಪ್ಪನ ಮಗ್ಗಗಳಲ್ಲಿ ತನ್ನದೇ ಡಿಸೈನಿನ ಸೀರೆ ನೇಯಿಸುವ ಆಸೆ ಅವಳದು. ಅವನು ಏನಾದರೂ ಹೇಳಬಹುದು ಅಂತ ಪ್ಲಾಟ್‌ಫಾರ್ಮಿನಲ್ಲಿ ಬೇಕೆಂದೇ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದಳು. ಅವನು "ಸರಿ ಮೇಡಂ, ಟೇಕ್ ಕೇರ್," ಅಂದ. ಅಷ್ಟೇ. ಆಮೇಲಿನ ಎಂಟು ತಿಂಗಳಲ್ಲಿ ಯುಗಾದಿಗೊಂದು, ದೀಪಾವಳಿಗೊಂದು ಮೆಸೇಜ್.

ಸಂಘಮಿತ್ರ ಲೋಟ ಕೆಳಗಿಟ್ಟಳು.

ಹಜಾರದಲ್ಲಿ ಅಮ್ಮ, ಬಾಗಿಲಲ್ಲಿ ಪಕ್ಕದ ಮನೆಯವರು. ಈ ಮನೆಯಲ್ಲಿ ಗುಟ್ಟು ಮಾತಾಡಬೇಕಾದರೆ ಇರುವುದು ಒಂದೇ ಜಾಗ. ಅವಳು ನೆಟ್ಟಗೆ ಮಗ್ಗದ ಶೆಡ್ಡಿಗೆ ಹೋದಳು. ಆ ತುದಿಯಲ್ಲಿ ಅಪ್ಪ ಬಗ್ಗಿ ಹರಿದ ಎಳೆ ಕಟ್ಟುತ್ತಿದ್ದರು. ಎಂಟೂ ಮಗ್ಗ ಓಡುತ್ತಿರುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಈ ತುದಿಯಲ್ಲಿ ನಿಂತು, ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು, ನಂಬರ್ ಒತ್ತಿದಳು.

"ಹಲೋ?"

"ನಾನು! ಮಿತ್ರ!"

"ಮಿತ್ರಾ... ಏನ್ ಸದ್ದು ಅದು? ಟ್ರೇನಲ್ಲಿದೀಯಾ?"

"ಇಲ್ಲ! ಮನೇಲಿ!"

"ಮನೇಲಾ? ಪಕ್ಕದಲ್ಲೇ ರೈಲ್ ಹೋಗ್ತಿದ್ಯಾ ಹಂಗಾದ್ರೆ?"

"ಮಗ್ಗ ಕಣೋ! ನಮ್ ಮನೆ ಮಗ್ಗ! ಹೇಳಿದ್ನಲ್ಲ ನಾವು ನೇಯೋರು ಅಂತ!"

"ನೇಯೋದು ಅಂದ್ರೆ ಕೂತ್ಕೊಂಡು ಕೈಯಲ್ಲಿ ಮೆಲ್ಲಗೆ ನೇಯ್ತಾರೆ ಅಂದ್ಕೊಂಡಿದ್ದೆ. ನಮ್ದು ರಾಗಿ ಹೊಲ ತಾಯಿ, ನಂಗೇನ್ ಗೊತ್ತು? ನಿಮ್ಮಮ್ಮ ಫೋನ್ ಮಾಡ್ದಾಗೆಲ್ಲ ಬೀದೀಲಿ ನಿಂತಿರ್ತಿದ್ರು, ಇದು ಯಾವತ್ತೂ ಕೇಳಿಸಿರ್ಲಿಲ್ಲ. ಈ ಸದ್ದಲ್ಲಿ ಮಲಗೋದ್ ಹೆಂಗೆ ನೀವು?"

"ಸದ್ದಿದ್ರೇನೇ ನಂಗೆ ನಿದ್ದೆ ಬರೋದು!"

ಫೋನ್ ಕಟ್ ಆಯಿತೇನೋ ಅಂತ ಅವಳು ಪರದೆ ನೋಡಿದಳು. ಸೆಕೆಂಡುಗಳು ಓಡುತ್ತಿದ್ದವು.

"ಅದಕ್ಕೇನಾ?" ಅಂದ ಅವನು, ಕೊನೆಗೆ. "ಅದಕ್ಕೇ ಟ್ರೇನ್ ಹತ್ತಿದ ತಕ್ಷಣ ಮಲಗ್ಬಿಡ್ತಿದ್ದೆಯಾ?"

"ಮತ್ತೆ ಯಾಕೆ ಅಂದ್ಕೊಂಡಿದ್ದೆ?"

"ನಾನ್ ಬೋರ್ ಅಂತ."

"ಏನು?"

"ನಾನ್ ಬೋರ್ ಹೊಡಿಸ್ತೀನಿ ಅಂತ! ಎರಡು ವರ್ಷ ಮಿತ್ರಾ! ಪ್ರತಿ ಶನಿವಾರ ಏನಾದ್ರೂ ಹೇಳ್ಬೇಕು ಅಂತ ರೆಡಿ ಆಗಿ ಬರ್ತಿದ್ದೆ. ನೀನು ಸೀಟಲ್ಲಿ ಕೂತು ಹತ್ತು ನಿಮಿಷಕ್ಕೆ ಗೊರಕೆ! ಸಾಲ್ಸ್‌ಬರ್ಗ್‌ನಿಂದ ಬರ್ತಾ ಮ್ಯೂನಿಕ್ ದಾಟ್ಲಿ, ಹೇಳ್ತೀನಿ ಅಂದ್ಕೊಂಡೆ. ಮ್ಯೂನಿಕ್ ಬರೋಕ್ ಮುಂಚೆನೇ ನೀನು ಫ್ಲಾಟ್. ಕೊನೇ ದಿನಾನೂ ಈ ಹುಡುಗಿಗೆ ನನ್ ಜೊತೆ ಎಚ್ಚರವಾಗಿರೋಕ್ ಆಗಲ್ಲ ಅಂದ್ರೆ, ಇನ್ನೇನ್ ಹೇಳೋದು ಅಂತ ಬಾಯ್ ಮುಚ್ಕೊಂಡೆ."

"ನಾನ್ ಗೊರಕೆ ಹೊಡೀತಿರ್ಲಿಲ್ಲ!"

"ಆ ಇಯರ್‌ಫೋನಲ್ಲಿ ಹಾಡೇ ಇರ್ತಿರ್ಲಿಲ್ಲ. ನಿನ್ ಗೊರಕೆಗೆ ಎದುರಿಗಿರೋರು ನಗೋದು ಕೇಳಿಸ್ದೆ ಇರ್ಲಿ ಅಂತ ಹಾಕ್ಕೋತಿದ್ದೆ."

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಎಷ್ಟು ಶನಿವಾರಗಳು. ಎಷ್ಟು ಕಾಫಿ ಲೋಟಗಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ಹರಿ, ಕೇಳಿಲ್ಲಿ. ಒಂದ್ಸಲ ನೀನು ಹುಷಾರಿಲ್ದೆ ಮಲಗಿದ್ದಾಗ ನಾನೊಬ್ಳೇ ಲೈಪ್‌ಜಿಗ್‌ಗೆ ಹೋಗಿದ್ದೆ. ಅದೇ ಟ್ರೇನು, ಅದೇ ಸದ್ದು. ಬ್ಯಾಗ್ ತಬ್ಕೊಂಡು ಹೋಗ್ತಾ ಬರ್ತಾ ಗೂಬೆ ಥರ ಕಣ್ ಬಿಟ್ಕೊಂಡು ಕೂತಿದ್ದೆ. ಒಂದ್ ಚೂರೂ ನಿದ್ದೆ ಬರ್ಲಿಲ್ಲ."

ಅವನು ಏನೋ ಅಂದ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

"ಏನಂದೆ?"

"ಮತ್ತೆ ಎಂಟು ತಿಂಗಳು ಯಾಕ್ ಹೇಳ್ಲಿಲ್ಲ ಅಂದೆ!"

"ನೀನ್ಯಾಕ್ ಹದಿನೈದು ದಿನದಿಂದ ಇಲ್ಲೇ ಇದ್ದು ಹೇಳ್ಲಿಲ್ಲ?"

"ಭಾನುವಾರ ನಂಗೆ ಒಂದ್ ಕಡೆ ಹೆಣ್ಣು ನೋಡೋಕೆ—"

"ಗೊತ್ತು!" ಅವಳು ಎಂಟು ಮಗ್ಗದ ಮೇಲೆ ದನಿ ಏರಿಸಿದಳು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹೆಣ್ಣುಮಗಳು ಮಾತ್ರ ಏರಿಸಬಲ್ಲಷ್ಟು. "ಅಲ್ಲಿಗೆ ಹೋಗ್ಬೇಡ! ನಂಗೆ ನೀನು ಬೇಕು ಕಣೋ!"

ಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಎಂಟೂ ಮಗ್ಗ ಒಮ್ಮೆಗೇ ನಿಂತವು. ಬೀದಿಯ ಮಗ್ಗಗಳೂ ನಿಂತವು. ಇಡೀ ಓಣಿಯ ಮೌನದಲ್ಲಿ "ಕಣೋ" ಅನ್ನುವುದೊಂದೇ ತಗಡಿನ ಮಾಡಿಗೆ ಬಡಿದು ಕೆಳಗೆ ಬಂತು.

ಅಪ್ಪ ನಿಧಾನವಾಗಿ ತಲೆಯೆತ್ತಿದರು. ಕೈಯಲ್ಲಿ ಎಳೆ ಹಾಗೇ ಇತ್ತು.

ಸಂಘಮಿತ್ರಳಿಗೆ ಓಡಬೇಕು ಅನ್ನಿಸಿತು. ಆದರೆ ಈಗ ಸುಳ್ಳು ಹೇಳಿದರೆ ಭಾನುವಾರ ಬಂದೇ ಬರುತ್ತದೆ ಅಂತ ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ಫೋನನ್ನು ಕಿವಿಯಿಂದ ತೆಗೆದಳು, ಕಟ್ ಮಾಡಲಿಲ್ಲ.

"ಯಾರಮ್ಮ ಅದು?" ಅಪ್ಪನ ದನಿಯಲ್ಲಿ ಕೋಪವಿತ್ತೋ ಇಲ್ಲವೋ ಹೇಳುವುದು ಕಷ್ಟ. ಅವರ ಮಾಮೂಲಿ ದನಿಯೂ ಜೋರೇ.

"ಹರಿಪ್ರಸಾದ್ ಅಂತ, ಅಪ್ಪ. ಜರ್ಮನೀಲಿ ನನ್ ಜೊತೆ ಇದ್ದ. ಅನುಗೊಂಡನಹಳ್ಳಿಯೋರು."

"ಹೊಲ ಮಾಡೋರಾ?"

"ಹೂಂ."

"ಅವ್ರ ಮನೇಲಿ ಗೊತ್ತಾ?"

"ನಂಗೇ ಈಗ ಗೊತ್ತಾಗಿದ್ದು, ಅಪ್ಪ."

ಅಪ್ಪ ಎಳೆಯ ಗಂಟು ಬಿಗಿದರು. ಉಳಿದ ತುದಿಯನ್ನು ಹಲ್ಲಿನಿಂದ ಕತ್ತರಿಸಿದರು. ಅಷ್ಟು ಹೊತ್ತು ಅವಳಿಗೆ ಜರ್ಮನಿಯ ಎರಡು ವರ್ಷಕ್ಕಿಂತ ಉದ್ದವಾಯಿತು.

"ಎರಡು ವರ್ಷ ಅಲ್ಲಿ ಓದಿ ಬಂದೆ, ಮೆಲ್ಲಗೆ ಮಾತಾಡೋದ್ ಮಾತ್ರ ಕಲೀಲಿಲ್ಲ," ಅಂದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಸರಿ ಮಾಡಿಕೊಂಡರು. "ನಾನೇನೂ ಒಪ್ಪಿದೀನಿ ಅಂತಲ್ಲ. ಹುಡುಗನ್ನ ನೋಡ್ದೆ ಹೂಂ ಅನ್ನೋದೂ ಇಲ್ಲ, ಉಹೂಂ ಅನ್ನೋದೂ ಇಲ್ಲ. ನಾಳೆ ಶನಿವಾರ. ಹತ್ತೂವರೆವರ್ಗೂ ರಾಹುಕಾಲ. ಹನ್ನೊಂದಕ್ಕೆ ಬರೋಕ್ ಹೇಳು."

ಅವಳು ಬಾಯಿ ತೆರೆಯುವ ಮೊದಲೇ ಕೈಯಲ್ಲಿದ್ದ ಫೋನಿನಿಂದ ದನಿ ಬಂತು. ಮಗ್ಗಗಳಿಲ್ಲದ ಆ ಶೆಡ್ಡಿನಲ್ಲಿ ಒಂದೊಂದು ಅಕ್ಷರವೂ ಕೇಳಿಸಿತು.

"ಬರ್ತೀನಿ ಸಾರ್. ಹನ್ನೊಂದಕ್ಕೆ ಬರ್ತೀನಿ."