ಮರೂನ್ ಜಾವಾ ಮಾರಾಟಕ್ಕಿಲ್ಲ

"ಮಾರಾಟಕ್ಕಿಲ್ಲ, ಸಿಸ್ಟರ್."

ಮಾಸ್ತಪ್ಪ ಸ್ಪ್ಯಾನರಿನಿಂದ ಕಣ್ಣು ತೆಗೆಯದೆ ಹೇಳಿದ. ಮರೂನ್ ಜಾವಾ ಬೈಕಿನ ಮೇಲೆ ಕೈಯಿಟ್ಟು ನಿಂತಿದ್ದ ಶರಾವತಿಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನೆ ತೀರ್ಥಹಳ್ಳಿಯವರಿಗೆ ಒಂದು ಕೊಟ್ರಲ್ಲ?"

"ಅದು ಬೇರೆ."

"ಏನು ಬೇರೆ? ಅವರು ಪಂಚೆ ಉಟ್ಟಿದ್ರು, ನಾನು ಸೀರೆ ಉಟ್ಟಿದೀನಿ. ಅಷ್ಟೇ ತಾನೆ?"

ಹೊಸನಗರ ಬಸ್ ಸ್ಟ್ಯಾಂಡಿನ ಪಕ್ಕದ ಆ ಶೆಡ್ಡಿನಲ್ಲಿ ನಿಂತಿದ್ದ ನಾಲ್ಕು ಗಂಡಸರು ಕಿಸಕ್ಕನೆ ನಕ್ಕರು. ನಗಲಿ ಬಿಡಿ. ನಕ್ಕವರ ಹಲ್ಲು ಎಣಿಸುತ್ತ ಕೂರುವವಳಲ್ಲ ನಮ್ಮ ಶರಾವತಿ.

ಎಂಬತ್ತಾರನೇ ಇಸವಿ. ಹಗುರವಾದ ಹೊಸ ಬೈಕುಗಳು ಸಾಗರದ ಪೇಟೆಗೂ ಬಂದಿದ್ದವು. ಜನ ತಮ್ಮ ಹಳೇ ಜಾವಾಗಳನ್ನು ಗುಜರಿಗೆ ಹಾಕಿದರು. ಹಾಕಿ ವರ್ಷವಾಗಿಲ್ಲ, ಅವರಿಗೇ ಆ ದುಂಡು ಹೆಡ್‌ಲೈಟು, ಆ ಹೊಳೆಯುವ ಟ್ಯಾಂಕು, ಆ ಸದ್ದು ಮತ್ತೆ ಬೇಕೆನಿಸಿತು! ಮಾಸ್ತಪ್ಪ ಗುಜರಿಯಿಂದ ಗಾಡಿ ತಂದು, ರೂಪ ಹಳೆಯದೇ ಇಟ್ಟು, ಒಳಗೆ ಹೊಸ ವೈರಿಂಗು, ಹೊಸ ಬ್ರೇಕು ಹಾಕಿ ನಿಲ್ಲಿಸುತ್ತಿದ್ದ. "ಹಳೇ ಮುಖದ ಹೊಸ ಗಾಡಿ" ಅಂತಲೇ ಅದಕ್ಕೆ ಹೆಸರಾಯಿತು. ಗಿರಾಕಿಗಳು ಊರೂರಿಂದ ಹುಡುಕಿಕೊಂಡು ಬರುತ್ತಿದ್ದರು.

ಶರಾವತಿ ಬಂದದ್ದು ಶೋಕಿಗಲ್ಲ. ಅವಳು ನಿಟ್ಟೂರಿನ ನರ್ಸು. ಹೋದ ವರ್ಷ ಬಸ್ಸು ತಪ್ಪಿ ಒಂದು ಹೆರಿಗೆಗೆ ತಡವಾಗಿ ಹೋದಳು. ತಾಯಿ ಉಳಿದಳು... ಮಗು ಉಳಿಯಲಿಲ್ಲ. ಇನ್ನು ಬಸ್ಸಿಗೆ ಕಾಯುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದಳು.

"ಹೊಸ ಬೈಕು ತಗೊಳ್ಳಿ ಸಿಸ್ಟರ್. ಹಗುರ."

"ಅದು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಇದಾದ್ರೆ ಗುಡ್ಡದಾಚೆಯಿಂದ್ಲೇ ಕೇಳುತ್ತೆ. ನೋವು ತಿನ್ನೋಳಿಗೆ, ನರ್ಸು ಬರ್ತಿದಾಳೆ ಅಂತ ಅಷ್ಟಾದ್ರೂ ಧೈರ್ಯ ಬರ್ಲಿ."

ಮಾಸ್ತಪ್ಪ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ.

"ಹತ್ತಿ ಕೂತ್ಕೊಳ್ಳಿ, ನೋಡಣ."

ಅವಳು ಸೆರಗು ಬಿಗಿದು ಹತ್ತಿದಳು. ಕಾಲಿನ ಬೆರಳ ತುದಿ ಮಾತ್ರ ನೆಲ ಮುಟ್ಟಿತು. ಆದರೂ ಮೂರನೇ ಕಿಕ್ಕಿಗೆ ಎಂಜಿನ್ ಎದ್ದಿತು. ಆಮೇಲೆ ಎಡಕ್ಕೆ ಬಗ್ಗಿದಳು, ಬಲಕ್ಕೆ ಬಗ್ಗಿದಳು.

"ಗೇರೆಲ್ಲಿ?"

ನಾಲ್ವರೂ ಹೊಟ್ಟೆ ಹಿಡಿದು ನಕ್ಕರು. ಮಾಸ್ತಪ್ಪ ನಗಲಿಲ್ಲ.

"ಕಿಕ್ ಹೊಡೆದ್ರಲ್ಲ, ಆ ಲಿವರನ್ನೇ ಮುಂದಕ್ಕೆ ಮಡಚಿ. ಅದೇ ಗೇರು. ಜಾವಾಕ್ಕೆ ಎರಡಕ್ಕೂ ಒಂದೇ. ನಾಳೆ ಬೆಳಿಗ್ಗೆ ಮೈದಾನಕ್ಕೆ ಬನ್ನಿ. ಬೇರೆ ಗಾಡೀಲಿ ಕಲಿಸ್ತೀನಿ."

ಒಂದು ತಿಂಗಳು ಕಲಿತಳು, ಸೀರೆಯ ಕೆಳಗೆ ಅಣ್ಣನ ಹಳೇ ಪ್ಯಾಂಟು ಹಾಕಿಕೊಂಡು. ದಿನವೂ ಲಿವರ್ ಮಡಚುವುದು ಮರೆಯುತ್ತಿದ್ದಳು. ದಿನವೂ ಅವನದು ಒಂದೇ ಮಾತು. "ಮಡಚಿ, ಸಿಸ್ಟರ್."

ಇಡೀ ತಾಲ್ಲೂಕು ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ಯಾರು ಅಂದರೂ ಏನೂ ಅನಿಸುತ್ತಿರಲಿಲ್ಲ. ಇವನು ಅಂದರೆ ಮಾತ್ರ ಎದೆ ಚುರುಕ್ ಎನ್ನುತ್ತಿತ್ತು. 'ಸಿಸ್ಟರ್ ಅಂತೆ ಸಿಸ್ಟರ್... ನನ್ನ ಮೇಲೆ ಇವನಿಗೆ ಏನೂ ಇಲ್ವೇನೋ...'

ಅಣ್ಣ ಮುಕುಂದಯ್ಯ ಹೊಸನಗರ ಪೇಟೆಯಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ. ಸುದ್ದಿ ಕಿವಿಗೆ ಬೀಳದೆ ಇರುತ್ತದೆಯೇ?

"ಮೆಕ್ಯಾನಿಕ್ ಜೊತೆ ಮೈದಾನ ಸುತ್ತೋದಾ? ಅವನ ಜಾತಿ ಯಾವುದು, ನಮ್ಮದು ಯಾವುದು?"

"ನಾನು ಗೇರು ಹಾಕೋದು ಕಲೀತಿದೀನಿ ಅಣ್ಣ. ಜಾತಿ ಅಲ್ಲ."

ಅಂದು ಅದೇ ಸಿಟ್ಟಿನಲ್ಲಿ ಶೆಡ್ಡಿಗೆ ಬಂದರೆ, ಮಾಸ್ತಪ್ಪ ಸಾಗರದ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದ: "ಆ ಮರೂನ್ ಗಾಡಿ ಆಗ್ಲೇ ಒಬ್ಬರಿಗೆ ಅಂತ ಆಗಿದೆ ಸ್ವಾಮಿ. ಬೇರೆ ನೋಡಿ."

ಅವಳ ಕಾಲು ಅಲ್ಲೇ ನಿಂತಿತು. 'ನನಗಿಲ್ಲ ಅಂದವನು ಬೇರೆಯವರಿಗೆ ಕೊಟ್ಟನಾ...'

ಗಿರಾಕಿ ಹೋಗುತ್ತಲೇ ಒಳಗೆ ನುಗ್ಗಿದಳು.

"ಯಾರಿಗೆ ಮಾರಿದ್ರಿ?"

"ಹತ್ತಿ ನೋಡಿ."

"ಇನ್ನೊಬ್ಬರ ಗಾಡಿ ನಾನ್ಯಾಕೆ ಹತ್ತಲಿ?"

"ಒಂದ್ಸಲ, ಸಿಸ್ಟರ್."

ಅಳು ನುಂಗಿಕೊಂಡು ಹತ್ತಿದಳು. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು. ಮುಂದೆ ಅವಳ ಔಷಧದ ಚೀಲಕ್ಕೊಂದು ಕೊಕ್ಕೆ ಇತ್ತು.

"ಮೊದಲು ನನಗೇ ಅಂತ ಇಟ್ಕೊಂಡಿದ್ದೆ," ಎಂದ ಮಾಸ್ತಪ್ಪ. "ಸದ್ದಿನ ಮಾತು ಹೇಳಿದ್ರಲ್ಲ... ಅವತ್ತೇ ಸೀಟು ಇಳಿಸೋಕೆ ಶುರು ಮಾಡ್ದೆ."

ಶರಾವತಿಯ ಕಣ್ಣು ತುಂಬಿತು. ತುಂಬಿದರೂ ಗತ್ತು ಬಿಡಲಿಲ್ಲ.

"ಪುಕ್ಕಟೆ ಬೇಡ. ಬೆಲೆ ಕೊಟ್ಟೇ ತಗೊಳ್ಳೋದು."

"ಕೊಡಿ. ಬೇಡ ಅಂದೋರ್ಯಾರು?"

"ಹಂಗಾದ್ರೆ ಹಿಂದೆ ಕೂತ್ಕೊಳ್ಳಿ."

"ನಾನಾ? ಪೇಟೆಯೋರೆಲ್ಲ ನೋಡ್ತಾರೆ..."

"ನೋಡ್ಲಿ ಅಂತಾನೇ. ಅಣ್ಣನ ಅಂಗಡಿ ಮುಂದಿಂದ್ಲೇ ಹೋಗೋದು."

ಅವನು ಕೂತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಒಂದೇ ಕಿಕ್ಕಿಗೆ ಎಂಜಿನ್ ಎಬ್ಬಿಸಿದಳು.

"ಮಡಚಿ, ಸಿಸ್ಟರ್."

ಶರಾವತಿ ಚಾವಿ ತಿರುಗಿಸಿ ಎಂಜಿನ್ ಆರಿಸಿದಳು.

"ಹೆಸರು ಹಿಡಿದು ಕರೆಯೋವರೆಗೂ ಗಾಡಿ ಹೊರಡಲ್ಲ."

"ತಿಂಗಳಿಂದ ನಾಲಿಗೆ ತುದಿಗೆ ಬರ್ತಿತ್ತು. ಹೆದರಿಕೆ ಆಗ್ತಿತ್ತು."

"ಈಗ?"

"ಈಗ್ಲೂ ಹೆದರಿಕೆನೇ. ಆದ್ರೂ ಕರೀತೀನಿ... ಮಡಚು, ಶರಾವತಿ."

"ಏನಂದ್ರಿ? ಸದ್ದಲ್ಲಿ ಕೇಳಿಸ್ಲಿಲ್ಲ."

"ಎಂಜಿನ್ನೇ ಆಫ್ ಆಗಿದೆಯಲ್ಲ..."

"ಆದ್ರೂ ಇನ್ನೊಂದ್ಸಲ."

"ಶರಾವತಿ," ಎಂದ ಮಾಸ್ತಪ್ಪ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ.